ತಮಾಷೆಗೆ ಅಂದಿದ್ದು ಸಾರ್

ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಎಳೆಯರ ಸಾವಿಗೆ ಎರಡು ಕಾರಣಗಳು ಸದಾ ಸಿದ್ಧವಾಗಿರುತ್ತವೆ. ಒಂದು, ‘ಹೊಟ್ಟೆನೋವು ತಾಳಲಾರದೆ’. ಇನ್ನೊಂದು, ‘ಜೀವನದಲ್ಲಿ ಜಿಗುಪ್ಸೆಗೊಂಡು’. ಹದಿನೇಳರ ಹುಡುಗ ಜಿಗುಪ್ಸೆ ಬರುವಷ್ಟು ಜೀವನ ಕಂಡಿರುವುದೇ ಇಲ್ಲ. ಆದರೂ ಮನೆಯವರು ಠಾಣೆಯಲ್ಲಿ ಹಾಗೆ ಬರೆಸುತ್ತಾರೆ, ವರದಿಗಾರರು ಅದನ್ನೇ ಇಳಿಸಿಕೊಳ್ಳುತ್ತಾರೆ, ಅಸಹಜ ಸಾವಿನ ಪ್ರಕರಣವೊಂದು ದಾಖಲಾಗಿ ಕಡತ ಮುಚ್ಚುತ್ತದೆ. ಸದ್ಯ ಮಾನ ಉಳಿಯಿತಲ್ಲ ಎಂದು ಎಲ್ಲರೂ ಉಸಿರು ಬಿಡುತ್ತಾರೆ. ಆ ಹುಡುಗನನ್ನು ಐದು ವರ್ಷ ಶಾಲೆಯಲ್ಲಿ ಏನೆಂದು ಕರೆಯುತ್ತಿದ್ದರು, ಹಾಗೆ ಕರೆದಾಗ ಯಾರು ಯಾರು ನಕ್ಕರು ಎಂದು ಯಾವ ಪಂಚನಾಮೆಯಲ್ಲೂ ಯಾರೂ ಕೇಳುವುದಿಲ್ಲ.

ಕೇಳದಿದ್ದರೆ ಲೆಕ್ಕವೂ ಇರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಆ ವರದಿಯಲ್ಲಿ ಕಾರಣಗಳ ಉದ್ದನೆಯ ಪಟ್ಟಿಯೇ ಇದೆ: ಕೌಟುಂಬಿಕ ಸಮಸ್ಯೆ, ಕಾಯಿಲೆ, ಪ್ರೇಮ ಪ್ರಕರಣ, ಪರೀಕ್ಷೆಯಲ್ಲಿ ಫೇಲು. ಗಂಡು ಹುಡುಗನೊಬ್ಬ ಗಂಡನ್ನು ಇಷ್ಟಪಟ್ಟದ್ದಕ್ಕೆ, ಅಥವಾ ಇಷ್ಟಪಡುತ್ತಾನೆಂದು ಉಳಿದವರು ತೀರ್ಮಾನಿಸಿದ್ದಕ್ಕೆ, ದಿನವೂ ಹೀಯಾಳಿಸಿಕೊಂಡು ಸತ್ತರೆ ಅವನನ್ನು ಬರೆಯಲು ಅಲ್ಲಿ ಕಲಮೇ ಇಲ್ಲ. ಅವನು ‘ಕೌಟುಂಬಿಕ’ಕ್ಕೋ ‘ಇತರೆ’ಗೋ ಹೋಗಿ ಸೇರುತ್ತಾನೆ.

ಆತ್ಮಹತ್ಯೆಗೆ ಒಂದೇ ಕಾರಣ ಇರುವುದಿಲ್ಲ ಎಂದು ಮನೋವೈದ್ಯರು ಹೇಳುತ್ತಾರೆ. ನಿಜ. ಆದರೆ ಆ ಮಾತನ್ನು ನಾವು ಕಲಿತದ್ದು ಹತ್ತು ಕಾರಣಗಳನ್ನು ಹುಡುಕುವುದಕ್ಕಲ್ಲ, ನಮ್ಮ ಪಾಲಿನ ಒಂದರಿಂದ ನುಣುಚಿಕೊಳ್ಳುವುದಕ್ಕೆ. ಸಲಿಂಗಿಯಾಗಿರುವುದರಿಂದ ಯಾರೂ ಸಾಯುವುದಿಲ್ಲ. ಹಾಗಿರುವವರನ್ನು ಸುತ್ತಲಿನವರು ಒಂಟಿ ಮಾಡುತ್ತಾರೆ, ಆ ಒಂಟಿತನ ಕೊಲ್ಲುತ್ತದೆ. ಒಂಟಿ ಮಾಡುವವರು ರೌಡಿಗಳಲ್ಲ. ಮೇಷ್ಟ್ರು, ಅಪ್ಪ ಅಮ್ಮ, ಸೋದರಮಾವ, ಹಾಸ್ಟೆಲ್ ವಾರ್ಡನ್, ಬೆಂಚಿನ ಗೆಳೆಯ, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್. ಇವರೆಲ್ಲ ಒಳ್ಳೆಯವರು. ಇವರು ಯಾರ ಮೇಲೂ ಕೈ ಮಾಡಿದವರಲ್ಲ. ಈ ಬರಹ ಅವರನ್ನು, ಅಂದರೆ ನಮ್ಮನ್ನು, ಕುರಿತದ್ದು.

ಶಾಲೆಯಿಂದಲೇ ಶುರುಮಾಡೋಣ. ಆರನೇ ತರಗತಿ. ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದಾರೆ. ಎಂಟರವರೆಗೆ ಎಲ್ಲ ಸರಿ. ಒಂಬತ್ತರ ಮಗ್ಗಿಗೆ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನ ಹೆಸರು ತೂರಿಬರುತ್ತದೆ. ತರಗತಿ ಕಿಸಕ್ಕೆನ್ನುತ್ತದೆ. ಆ ಹುಡುಗನ ದನಿ ಇನ್ನೂ ಒಡೆದಿಲ್ಲ, ಮಾತಾಡುವಾಗ ಕೈ ತಿರುವುತ್ತಾನೆ, ನಡಿಗೆ ಮೆತ್ತಗೆ. ಇಷ್ಟೇ ಅವನ ಅಪರಾಧ. ಮೇಷ್ಟ್ರು ತುಟಿಯಂಚಿಗೆ ಬಂದ ನಗುವನ್ನು ನುಂಗಿ ‘ಸೈಲೆನ್ಸ್’ ಎನ್ನುತ್ತಾರೆ. ಅವರು ಗದರಿದ್ದನ್ನು ಯಾರೂ ಗಮನಿಸುವುದಿಲ್ಲ. ನುಂಗಿದ ನಗುವನ್ನು ನಲವತ್ತು ಮಕ್ಕಳೂ ನೋಡಿರುತ್ತಾರೆ. ಅಂದಿನಿಂದ ಅದು ಪರವಾನಗಿ.

ಮಧ್ಯಾಹ್ನ ಪಿ.ಟಿ. ಪಿರಿಯಡ್. ಕಬಡ್ಡಿಗೆ ತಂಡ ಕಟ್ಟುವಾಗ ಅವನನ್ನು ಎರಡೂ ಕಡೆಯವರು ಬೇಡವೆನ್ನುತ್ತಾರೆ. ‘ನೀನು ಹೋಗಿ ಹುಡುಗೀರ ಜೊತೆ ಕುಂಟೆಬಿಲ್ಲೆ ಆಡ್ಕೊ ಹೋಗೋ’ ಎಂದು ಪಿ.ಟಿ. ಮೇಷ್ಟ್ರೇ ಕಳಿಸುತ್ತಾರೆ. ಅವರ ಮಟ್ಟಿಗೆ ಅದು ಸಮಸ್ಯೆ ಬಗೆಹರಿಸಿದಂತೆ. ಈ ಹುಡುಗ ಬೆಳಿಗ್ಗೆಯಿಂದ ನೀರು ಕುಡಿದಿರುವುದಿಲ್ಲ. ಕುಡಿದರೆ ಬಿಡುವಿನಲ್ಲಿ ಶೌಚಾಲಯಕ್ಕೆ ಹೋಗಬೇಕು. ಅಲ್ಲಿ ‘ಇವನು ಹುಡುಗನೋ ಅಲ್ಲವೋ ನೋಡೋಣ’ ಎಂದು ಮೂವರು ಕಾದು ನಿಂತಿರುತ್ತಾರೆ. ಮಗುವಿನ ಮೈ ಮುಟ್ಟಿ ಮಾಡುವ ಈ ‘ಪರೀಕ್ಷೆ’ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಸ್ಟಾಫ್ ರೂಮಿನಲ್ಲಿ ಮಾತ್ರ ಅದಕ್ಕೆ ಹುಡುಗಾಟ ಎಂದು ಹೆಸರು. ವಿಚಾರಿಸಿದರೆ ಮಾಡಿದವರ ಉತ್ತರ ಒಂದೇ: ‘ತಮಾಷೆಗೆ ಅಂದಿದ್ದು ಸಾರ್.’ ಮೇಷ್ಟ್ರೂ ಅದನ್ನು ಒಪ್ಪುತ್ತಾರೆ. ಯಾಕೆಂದರೆ ಅವರೂ ತಮಾಷೆಗೇ ನಕ್ಕಿದ್ದರು.

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.’ ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಮ್ಮ ಕನ್ನಡ ಪ್ರಶ್ನೆಪತ್ರಿಕೆಗಳು ತಲೆಮಾರುಗಳಿಂದ ಕೇಳುತ್ತಿವೆ. ಮಕ್ಕಳು ಉರು ಹೊಡೆದು ಬರೆಯುತ್ತಾರೆ, ಮೇಷ್ಟ್ರು ಪೂರ್ತಿ ಅಂಕ ಕೊಡುತ್ತಾರೆ. ಎದುರಿಗೇ ನಡೆಯುತ್ತಿರುವ ಚೆಲ್ಲಾಟವನ್ನು ಮಾತ್ರ ಇಬ್ಬರೂ ಗುರುತಿಸುವುದಿಲ್ಲ.

ಇದು ಎಲ್ಲೋ ಒಂದು ಶಾಲೆಯ ಕಥೆ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಶಾಲಾದಿನಗಳ ಬಗ್ಗೆ ನಡೆದ ಸಮೀಕ್ಷೆಯೊಂದನ್ನು ಯುನೆಸ್ಕೊ 2019ರಲ್ಲಿ ಪ್ರಕಟಿಸಿತು. ಮಾಧ್ಯಮಿಕ ಮತ್ತು ಪ್ರೌಢಶಾಲೆಯಲ್ಲಿ ಮೈಮೇಲೆ ಕೈ ಮಾಡಿಸಿಕೊಂಡವರು ಅದರಲ್ಲಿ ಸುಮಾರು ಶೇ 60. ಹಿಂಸೆ ಅನುಭವಿಸಿದವರಲ್ಲಿ ಶೇ 33 ಮಂದಿ ಶಾಲೆ ಬಿಟ್ಟದ್ದಕ್ಕೆ ಅದೇ ಮುಖ್ಯ ಕಾರಣವೆಂದರು. ಶಾಲೆಗೆ ದೂರು ಕೊಟ್ಟವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಉಳಿದವರು ಯಾಕೆ ದೂರು ಕೊಡಲಿಲ್ಲ ಎಂದು ಕೇಳುವವರು ಮೊದಲು ಆ ಪಿ.ಟಿ. ಪಿರಿಯಡ್ಡನ್ನು ನೆನೆಸಿಕೊಳ್ಳಲಿ. ದೂರನ್ನು ಕೊಡಬೇಕಾದದ್ದು ಯಾರಿಗೆ?

ದೂರು ಕೊಟ್ಟವರ ಗತಿಯನ್ನೂ ನೋಡೋಣ. ದೆಹಲಿಯ ಮಗ್ಗುಲಲ್ಲಿರುವ ಫರೀದಾಬಾದಿನಲ್ಲಿ 2022ರಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ಅವನ ತಾಯಿ ಅದೇ ಶಾಲೆಯಲ್ಲಿ ಶಿಕ್ಷಕಿ. ಮಗನನ್ನು ಸಹಪಾಠಿಗಳು ಸಲಿಂಗಿಯೆಂದು ಹಂಗಿಸಿ ಪೀಡಿಸುತ್ತಿರುವುದನ್ನು ತಾನು ಶಾಲೆಯ ಗಮನಕ್ಕೆ ತಂದಿದ್ದೆ, ಶಾಲೆ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಆ ತಾಯಿಯ ದೂರು. ಸ್ಟಾಫ್ ರೂಮಿನಲ್ಲೇ ಕೂರುವ ತಾಯಿಯ ಮಾತಿಗೇ ಹೀಗಾದರೆ, ಕೂಲಿಗೆ ಹೋಗುವ ತಾಯಿ ಯಾವ ಮೇಜಿನ ಮುಂದೆ ನಿಂತು ಏನೆಂದು ಹೇಳಬೇಕು? ಹೇಳಲು ಅವಳಲ್ಲಿ ಇರುವ ಮಾತುಗಳೆಲ್ಲ ಬೈಗುಳಗಳೇ. ಮಗನನ್ನು ಹಂಗಿಸಿದ ಮಾತನ್ನೇ ಅವಳು ಬಾಯಿಬಿಟ್ಟು ಮತ್ತೊಮ್ಮೆ ಹೇಳಬೇಕು.

ಶಾಲೆಗಳು ಇಂಥ ಹೊತ್ತಿನಲ್ಲಿ ಮಾಡುವ ಕೆಲಸ ಒಂದೇ: ಪೆಟ್ಟು ತಿಂದವನನ್ನು ತಿದ್ದುವುದು. ‘ಸ್ವಲ್ಪ ಗಟ್ಟಿಯಾಗು.’ ‘ಗಂಡಸಿನ ಹಾಗೆ ನಡೆಯೋದು ಕಲಿ.’ ‘ನೀನು ಹಾಗೆ ಆಡೋದಕ್ಕೇ ಅವರು ರೇಗಿಸ್ತಾರೆ.’ ಹೊಡೆದ ಮೂವರಿಗೆ ಒಂದು ಬುದ್ಧಿಮಾತೂ ಇಲ್ಲ. ಹೊಡೆಸಿಕೊಂಡವನಿಗೆ ಮಾತ್ರ ವರ್ಷಪೂರ್ತಿ ತರಬೇತಿ. ಇದನ್ನು ಕೌನ್ಸೆಲಿಂಗ್ ಎಂದೂ ಕರೆಯುತ್ತಾರೆ.

ಕೆಲವು ಶಿಕ್ಷಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಒಳ್ಳೆಯದಕ್ಕೇ ಎಂದು ತಂದೆಯನ್ನು ಕರೆಸಿ, ‘ನಿಮ್ಮ ಮಗ ಯಾಕೋ ಒಂಥರಾ ಇದ್ದಾನೆ, ಆ ಹುಡುಗನ ಜೊತೆ ಜಾಸ್ತಿ ಓಡಾಡ್ತಾನೆ, ಸ್ವಲ್ಪ ಗಮನ ಇಡಿ’ ಎನ್ನುತ್ತಾರೆ. ಮೇಷ್ಟ್ರು ಸಂಜೆ ಬಸ್ಸು ಹಿಡಿದು ತಮ್ಮ ಮನೆ ಸೇರುತ್ತಾರೆ. ಅದೇ ಸಂಜೆ ಇನ್ನೊಂದು ಮನೆಯಲ್ಲಿ ಬೆಲ್ಟು ಹೊರಬರುತ್ತದೆ, ಮೊಬೈಲು ಕಿತ್ತುಕೊಳ್ಳಲಾಗುತ್ತದೆ, ಓದು ನಿಲ್ಲುತ್ತದೆ. ಮಗು ತಾನಾಗಿ ಹೇಳಿಕೊಳ್ಳದ ಗುಟ್ಟನ್ನು ಅದರ ಒಪ್ಪಿಗೆಯಿಲ್ಲದೆ ಅಪ್ಪನಿಗೆ ಮುಟ್ಟಿಸುವುದು ಕಾಳಜಿಯಲ್ಲ. ಶಾಲೆಯ ಹಿಂಸೆಯಿಂದ ಮನೆಗೆ ಓಡಿಬರಬಹುದಾಗಿದ್ದ ಮಗುವಿಗೆ ಆ ಬಾಗಿಲನ್ನೂ ನೀವು ಮುಚ್ಚಿದಿರಿ.

ಇನ್ನು ಮನೆ. ‘ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ’ ಎಂಬುದು ನಮ್ಮ ಮನೆಗಳ ಮೊದಲ ಮಂತ್ರ. ‘ಮದುವೆ ಮಾಡಿದರೆ ಸರಿಹೋಗುತ್ತೆ’ ಎಂಬುದು ಎರಡನೆಯದು. ಈ ಎರಡನೆಯ ಮಂತ್ರದಿಂದ ಒಬ್ಬನ ಜೊತೆಗೆ ಏನೂ ಅರಿಯದ ಹೆಣ್ಣುಮಗಳೊಬ್ಬಳ ಬದುಕೂ ಹಾಳಾಗುತ್ತದೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಎರಡರ ನಡುವೆ ಹರಕೆ, ತಾಯಿತ, ಮಠ, ಆಮೇಲೆ ಆಸ್ಪತ್ರೆ.

ಆಸ್ಪತ್ರೆಯ ಮಾತು ಬಂದದ್ದರಿಂದ ಸ್ಪಷ್ಟವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಆಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲವೆಂದು ಬಹಿರಂಗವಾಗಿ ಹೇಳಿತು. ‘ಸರಿಪಡಿಸುವ’ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆದು ತಿಳಿಸಿತು. ಇಷ್ಟಾದ ಮೇಲೂ ‘ಡಾಕ್ಟರ್ ಹತ್ತಿರ ತೋರಿಸಿ’ ಎನ್ನುವ ನೆಂಟರಿಗೆ ಕೊರತೆಯಿಲ್ಲ, ನೋಡಿ ದುಡ್ಡು ಎಣಿಸುವವರಿಗೂ ಕೊರತೆಯಿಲ್ಲ.

ಹುಡುಗಿಯರ ಪಾಡು ಇನ್ನಷ್ಟು ಕಾಣದಂತೆ ನಡೆಯುತ್ತದೆ. ಹುಡುಗರಿಗೆ ಶಾಲೆಯ ಗೇಲಿ, ಹುಡುಗಿಯರಿಗೆ ಮನೆಯ ಬೀಗ. 2020ರಲ್ಲಿ ಕೇರಳದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತನ್ನನ್ನು ಬಲವಂತವಾಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿ ಔಷಧಿ ಕೊಟ್ಟರೆಂದು ಫೇಸ್‌ಬುಕ್ ವಿಡಿಯೊದಲ್ಲಿ ಹೇಳಿಕೊಂಡಳು. ಅವಳು ಮಾಡಿದ ‘ತಪ್ಪು’ ಹೆಣ್ಣನ್ನೂ ಇಷ್ಟಪಡಬಲ್ಲೆ ಎಂದದ್ದು. ಅದೇ ವರ್ಷದ ಮೇ ತಿಂಗಳಲ್ಲಿ ಗೋವಾದಲ್ಲಿ ಅವಳ ಸಾವಿನ ಸುದ್ದಿ ಬಂತು. ಮಗಳು ತಾನೇ ಮಾತಾಡಿ, ಮುಖ ತೋರಿಸಿ, ಹೀಗಾಯಿತು ಎಂದು ಜಗತ್ತಿಗೆಲ್ಲ ಹೇಳಿದ್ದಳು. ನೋಡಿದವರು ಅಳುವ ಎಮೋಜಿ ಒತ್ತಿ ಮುಂದೆ ಸರಿದಿದ್ದರು.

ಮನೆಯವರು ಹೇಗೆ ನಡೆದುಕೊಂಡರೆ ಏನಾಗುತ್ತದೆ ಎಂಬುದು ಊಹೆಯ ವಿಷಯವಲ್ಲ. ಅಮೆರಿಕದಲ್ಲಿ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿವಯಸ್ಸಿನಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡ ಸಲಿಂಗಿ ಯುವಜನರಲ್ಲಿ ಆತ್ಮಹತ್ಯೆಗೆ ಯತ್ನಿಸಿದ್ದ ಸಾಧ್ಯತೆ, ಅಷ್ಟು ತಿರಸ್ಕಾರ ಕಾಣದವರಿಗಿಂತ 8 ಪಟ್ಟಿಗೂ ಹೆಚ್ಚಿತ್ತು. ಅಲ್ಲಿಯದೇ ಟ್ರೆವರ್ ಪ್ರಾಜೆಕ್ಟ್ ಎಂಬ ಸಂಸ್ಥೆ 2019ರಲ್ಲಿ ಇನ್ನೊಂದು ಸಂಗತಿ ತೋರಿಸಿತು: ತನ್ನನ್ನು ಇದ್ದಂತೆ ಒಪ್ಪಿಕೊಂಡ ದೊಡ್ಡವರು ಒಬ್ಬರಾದರೂ ಇದ್ದ ಮಕ್ಕಳಲ್ಲಿ ಆ ಯತ್ನ ಶೇ 40ರಷ್ಟು ಕಡಿಮೆ. ಇಡೀ ಸಮಾಜ ಬದಲಾಗುವವರೆಗೆ ನಾವೇನು ಮಾಡೋಕಾಗುತ್ತೆ ಎನ್ನುವವರು ಈ ಅಂಕಿಯನ್ನು ಎರಡು ಸಲ ಓದಬೇಕು. ಅಲ್ಲಿ ಕೇಳುತ್ತಿರುವುದು ಸಮಾಜವನ್ನಲ್ಲ, ಒಬ್ಬರನ್ನು. ಒಬ್ಬ ಚಿಕ್ಕಮ್ಮ, ಒಬ್ಬ ಮೇಷ್ಟ್ರು, ಒಬ್ಬ ಅಜ್ಜ. ಆ ಒಬ್ಬರೂ ಸಿಗದಿರುವಂತೆ ನೋಡಿಕೊಂಡಿದ್ದೇವಲ್ಲ, ಅದು ನಮ್ಮ ಸಾಧನೆ.

ಶಾಲೆ, ಮನೆ ಎರಡನ್ನೂ ಮೀರಿದ ಮೂರನೆಯ ಅಂಗಳ ಈಗ ಕೈಯಲ್ಲೇ ಇದೆ. ಉಜ್ಜಯಿನಿಯ ಹದಿನಾರರ ಹುಡುಗನೊಬ್ಬ ಯಾರ ಹತ್ತಿರವೂ ಹೋಗದೆ ತಾನೇ ಮೇಕಪ್ ಕಲಿತು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ. 2023ರ ದೀಪಾವಳಿಗೆ ಸೀರೆಯುಟ್ಟು ಒಂದು ರೀಲ್ ಹಾಕಿದ. ಅದರ ಕೆಳಗೆ ಸಾವಿರಾರು ಕಮೆಂಟುಗಳು ಬಂದು ಬಿದ್ದವು, ಬಹುಪಾಲು ಹೊಲಸು. ನವೆಂಬರ್ ಮುಗಿಯುವುದರೊಳಗೆ ಆ ಹುಡುಗ ಇರಲಿಲ್ಲ.

ಇಂಥ ಕಮೆಂಟು ಬರೆಯುವವರನ್ನು ಹುಡುಕಲು ಕತ್ತಲಲ್ಲಿ ತಡಕಬೇಕಾಗಿಲ್ಲ. ಯಾವುದೇ ಕನ್ನಡದ ಹುಡುಗ ಕಣ್ಣಿಗೆ ಕಾಡಿಗೆ ಹಚ್ಚಿ ಕುಣಿದ ರೀಲಿನ ಕೆಳಗೆ ಇಳಿದು ನೋಡಿ. ಮಗಳ ಹುಟ್ಟುಹಬ್ಬದ ಫೋಟೊ ಹಾಕಿಕೊಂಡವರು, ದೇವರ ಪಟ ಹಾಕಿಕೊಂಡವರು, ಹೆಸರಿನ ಮುಂದೆ ‘ಕನ್ನಡಿಗ’ ಎಂದು ಸೇರಿಸಿಕೊಂಡವರು ಇರುತ್ತಾರೆ. ‘ಇವನ ಅಪ್ಪ ಅಮ್ಮನ ಪಾಡೇನು’ ಎಂದು ಮರುಗುವವರು, ‘ಇಂಥವರು ಬದುಕಿದ್ದೇನು ಪ್ರಯೋಜನ’ ಎಂದು ತೀರ್ಪು ಕೊಡುವವರು, ಅದಕ್ಕೆ ನಗುವ ಮುಖ ಒತ್ತುವವರು. ಕಚೇರಿಯ ಊಟದ ಬಿಡುವಿನಲ್ಲಿ ಬೆರಳಾಡಿಸಿ ಬರೆದದ್ದು ಅವರಿಗೆ ಸಂಜೆಯ ಹೊತ್ತಿಗೆ ಮರೆತಿರುತ್ತದೆ. ರಾತ್ರಿ ಹನ್ನೊಂದಕ್ಕೆ ಕಂಬಳಿಯೊಳಗೆ ಮೊಬೈಲು ಹಿಡಿದ ಹುಡುಗ ಅದನ್ನು ಒಂದೊಂದಾಗಿ ಓದುತ್ತಿರುತ್ತಾನೆ. ನೀವು ಒಬ್ಬರು, ಬರೆದದ್ದು ಒಂದೇ ಸಾಲು ಇರಬಹುದು. ಅವನಿಗೆ ನೀವು ಸಾವಿರದಲ್ಲಿ ಒಬ್ಬರಲ್ಲ, ಸಾವಿರ ಮಂದಿಯೂ ಒಟ್ಟಿಗೇ ಅವನ ಹಾಸಿಗೆಯ ಪಕ್ಕ ಬಂದು ನಿಂತಿರುತ್ತೀರಿ.

ಮನರಂಜನೆಯ ಹೆಸರಿನಲ್ಲಿ ಈ ಚಟವನ್ನು ಬೆಳೆಸಿದವರೂ ಲೆಕ್ಕ ಕೊಡಬೇಕು. ನಮ್ಮ ಸಿನಿಮಾಗಳಲ್ಲಿ ನಾಯಕನ ಗಂಡಸುತನಕ್ಕೆ ಮೆರುಗು ಕೊಡಲು ಸೊಂಟ ಬಳುಕಿಸುವ ಒಬ್ಬ ಪೆದ್ದನನ್ನು ತರುವುದು ಸವೆದ ಹಾದಿ. ಟಿ.ವಿ. ಕಾಮಿಡಿ ಶೋಗಳಲ್ಲಿ ಗಂಡು ಸೀರೆಯುಟ್ಟು ಬಂದರೆ ಸಾಕು, ಹಾಸ್ಯಕ್ಕೆ ಬೇರೆ ಮಾತೇ ಬೇಕಿಲ್ಲ. ತೀರ್ಪುಗಾರರು ಕುರ್ಚಿಯಿಂದ ಬಿದ್ದು ನಗುತ್ತಾರೆ, ಮನೆಮಂದಿಯೆಲ್ಲ ನಗುತ್ತಾರೆ. ಅದೇ ಸೋಫಾದ ಮೂಲೆಯಲ್ಲಿ ಕೂತ ಹುಡುಗನೂ ನಗಲೇಬೇಕು. ನಗದಿದ್ದರೆ ಅನುಮಾನ.

ಇಷ್ಟು ಹೇಳಿದಾಗ ನಮ್ಮ ಸಂಸ್ಕೃತಿಪ್ರಿಯರು ತಟ್ಟನೆ ಎದ್ದು ನಿಲ್ಲುತ್ತಾರೆ. ನಮ್ಮಲ್ಲಿ ಅರ್ಧನಾರೀಶ್ವರ ಇಲ್ಲವೇ, ಮೋಹಿನಿ ಇಲ್ಲವೇ, ಬೃಹನ್ನಳೆ ಇಲ್ಲವೇ, ಯಕ್ಷಗಾನದ ಸ್ತ್ರೀವೇಷ ಇಲ್ಲವೇ ಎಂದು. ಎಲ್ಲ ಇದೆ. ರಾತ್ರಿಯಿಡೀ ಕೂತು ಸ್ತ್ರೀವೇಷದ ಬೆಡಗಿಗೆ ಚಪ್ಪಾಳೆ ತಟ್ಟಿದ ಕೈ ಬೆಳಿಗ್ಗೆ ಎದ್ದು, ಹಾಗೇ ನಡೆಯುವ ತಮ್ಮನ ಮಗನ ಕೆನ್ನೆಗೆ ಬಾರಿಸುತ್ತದೆ. ರಂಗಸ್ಥಳದ ಮೇಲೆ ಸಹಿಸುವುದನ್ನು ಪಡಸಾಲೆಯಲ್ಲಿ ಸಹಿಸದವರು ಪರಂಪರೆಯ ಹೆಸರೆತ್ತಬಾರದು.

ಅವರು ಕೊಡುವ ಇನ್ನೊಂದು ಉದಾಹರಣೆ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ. ಜಾನಪದ ಅಕಾಡೆಮಿಯ ಅಧ್ಯಕ್ಷರಾದರಲ್ಲ, 2021ರಲ್ಲಿ ಪದ್ಮಶ್ರೀ ಬಂತಲ್ಲ, ಸಮಾಜ ಒಪ್ಪಿತಲ್ಲ ಎಂದು. ಆ ಮಂಜಮ್ಮ ಹದಿಹರೆಯದಲ್ಲಿ ಮನೆಯಿಂದಲೂ ಊರಿನಿಂದಲೂ ದೂರವಾಗಿ, ಪ್ರಾಣ ಬಿಡಲು ಹೋಗಿ ಉಳಿದವರು. ಇದನ್ನು ಅವರೇ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಅವರು ಬದುಕಿದ್ದು ನಮ್ಮಿಂದಲ್ಲ, ನಾವಿದ್ದರೂ ಬದುಕಿದರು. ಉಳಿದುಬಂದ ಒಬ್ಬರಿಗೆ ಶಾಲು ಹೊದಿಸಿ, ಉಳಿಯದವರ ಲೆಕ್ಕ ಮುಚ್ಚುವುದು ನಾಚಿಕೆಗೇಡು.

ಓದುವ ವರ್ಗವೂ ಬೀಗಬೇಕಾಗಿಲ್ಲ. ವಸುಧೇಂದ್ರರ ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ. ಸಲಿಂಗಿ ಹುಡುಗನೊಬ್ಬ ಬಾಲ್ಯದಿಂದ ತಿಂದ ಹೀಯಾಳಿಕೆ ಕನ್ನಡದ ಓದುಗರ ಕಣ್ಣ ಮುಂದೆಯೇ ಬಂತು. ‘ಎಂಥ ಧೈರ್ಯ’ ಎಂದು ನಾವು ಲೇಖಕರ ಬೆನ್ನು ತಟ್ಟಿದೆವು. ಒಬ್ಬನ ಬದುಕನ್ನು ಬರೆಯುವುದಕ್ಕೆ ಅಷ್ಟು ಧೈರ್ಯ ಬೇಕಾಗುವಂಥ ಊರನ್ನು ಕಟ್ಟಿದವರು ಯಾರು ಎಂದು ಕೇಳಿಕೊಳ್ಳಲಿಲ್ಲ. ಪುಸ್ತಕ ಕಪಾಟಿನಲ್ಲಿದೆ. ಕಪಾಟಿನ ಮುಂದೆ ಕೂತು ಆಡುವ ಹಳೆಯ ಜೋಕುಗಳೂ ಹಾಗೇ ಇವೆ. ಬೆಂಗಳೂರಿನ ಕಂಪನಿಗಳ ಲಾಂಛನಕ್ಕೆ ಸಲಿಂಗಿಗಳಿಗೆ ಬೆಂಬಲವೆಂದು ಜೂನ್‌ನಲ್ಲಿ ಕಾಮನಬಿಲ್ಲು ಏರುತ್ತದೆ, ಜುಲೈ ಒಂದಕ್ಕೆ ಇಳಿಯುತ್ತದೆ. ‘ನನಗೇನೂ ಇದರಲ್ಲಿ ತೊಂದರೆ ಇಲ್ಲಪ್ಪ, ನಮ್ಮ ಮನೆಯಲ್ಲಿ ಆಗದಿದ್ದರೆ ಸಾಕು’ ಎಂಬುದು ಉದಾರವಾದಿಗಳ ಗಟ್ಟಿ ನಿಲುವು. ಆ ಮಾತು ಕೇಳಿಸಿಕೊಳ್ಳುತ್ತಿರುವವರಲ್ಲಿ ಸ್ವಂತ ಮಗಳೇ ಇರಬಹುದು ಎಂಬ ಅಂಜಿಕೆಯೂ ಇವರಿಗಿಲ್ಲ.

‘377 ಹೋಯ್ತಲ್ಲ, ಇನ್ನೇನು ಬೇಕು?’ ಎಂಬುದು ಕೊನೆಯ ಗುರಾಣಿ. 1860ರ ದಂಡಸಂಹಿತೆಯ ಆ ಕಲಮನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಸಡಿಲಿಸಿತು, ಸುಪ್ರೀಂ ಕೋರ್ಟ್ 2013ರಲ್ಲಿ ಮತ್ತೆ ಬಿಗಿಮಾಡಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟಿತು. ಪೊಲೀಸರ ಲಾಠಿಯನ್ನು ದೂರವಿಡಲು ಆ ತೀರ್ಪು ಬೇಕಿತ್ತು. ಆದರೆ ಹನ್ನೆರಡು ವರ್ಷದ ಹುಡುಗನನ್ನು ಶೌಚಾಲಯದಲ್ಲಿ ಕಾದು ನಿಲ್ಲುವವರು 377 ಓದಿದವರಲ್ಲ. ಅವರು ಓದಿರುವುದು ನಮ್ಮ ಮುಖಗಳನ್ನು.

ಕಾನೂನು, ನಿಯಮಗಳ ಕೊರತೆಯೂ ನಮಗೆ ನೆಪವಾಗಲಾರದು. ಯುಜಿಸಿ 2016ರಲ್ಲೇ ರ‍್ಯಾಗಿಂಗ್ ನಿಯಮಗಳನ್ನು ತಿದ್ದಿ, ಲೈಂಗಿಕ ಒಲವನ್ನು ಹಿಡಿದು ವಿದ್ಯಾರ್ಥಿಯನ್ನು ಹಿಂಸಿಸುವುದೂ ಹೊರಗಿಡುವುದೂ ರ‍್ಯಾಗಿಂಗ್ ಎಂದು ಬರೆದಿದೆ. ಕಾಲೇಜು ಸೇರುವ ಪ್ರತಿ ವಿದ್ಯಾರ್ಥಿ, ಪೋಷಕ ಇಬ್ಬರೂ ರ‍್ಯಾಗಿಂಗ್ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದು ಸಹಿ ಹಾಕುತ್ತಾರೆ. ಸಹಿ ಹಾಕಿಸಿಕೊಳ್ಳುವ ಗುಮಾಸ್ತರನ್ನೂ ಸೇರಿಸಿ ಅದನ್ನು ಓದಿದವರು ಎಷ್ಟು ಮಂದಿ? ಇನ್ನು ಶಾಲೆಗಳಿಗೆಂದು ಎನ್‌ಸಿಇಆರ್‌ಟಿ 2021ರಲ್ಲಿ ಲಿಂಗತ್ವದ ವಿಷಯದಲ್ಲಿ ಭಿನ್ನವಾಗಿರುವ ಮಕ್ಕಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಶಿಕ್ಷಕರಿಗಾಗಿ ಒಂದು ಕೈಪಿಡಿ ಸಿದ್ಧಪಡಿಸಿತು. ಮಕ್ಕಳ ಹಕ್ಕುಗಳ ರಕ್ಷಣೆಗೆಂದೇ ಇರುವ ರಾಷ್ಟ್ರೀಯ ಆಯೋಗ ಆಕ್ಷೇಪ ಎತ್ತಿತು. ಕೆಲವೇ ದಿನಗಳಲ್ಲಿ ಕೈಪಿಡಿ ಜಾಲತಾಣದಿಂದ ಕಾಣೆಯಾಯಿತು. ಯಾವ ಮಕ್ಕಳ ಹಕ್ಕು, ಯಾರಿಂದ ರಕ್ಷಣೆ ಎಂದು ಕೇಳಿ ಯಾವ ಶಿಕ್ಷಕರ ಸಂಘವೂ ಬೀದಿಗಿಳಿಯಲಿಲ್ಲ.

‘ನಮಗಿದೆಲ್ಲ ಅರ್ಥವಾಗೋಲ್ಲ, ನಾವು ಹಳೇ ಕಾಲದವರು’ ಎನ್ನುವ ಹಿರಿಯರಿಗೆ ಒಂದು ನಿದರ್ಶನ. ಮನೆಬಿಟ್ಟು ಚೆನ್ನೈಗೆ ಬಂದ ಇಬ್ಬರು ಯುವತಿಯರ ಅರ್ಜಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ಈ ವಿಷಯದಲ್ಲಿ ತನ್ನ ತಿಳಿವಳಿಕೆ ಸಾಲದು ಎಂದು ಒಪ್ಪಿಕೊಂಡ ಅವರು, ಮನಶ್ಶಾಸ್ತ್ರಜ್ಞೆಯೊಬ್ಬರ ಎದುರು ಕೂತು ಪಾಠ ಹೇಳಿಸಿಕೊಂಡರು. ಆಮೇಲೆ 2021ರ ಜೂನ್ 7ರಂದು ಆದೇಶ ಬರೆದರು. ಸಲಿಂಗಿಗಳನ್ನು ‘ಸರಿಪಡಿಸುವ’ ಚಿಕಿತ್ಸೆಯನ್ನು ನಿಷೇಧಿಸಿದರು, ಪೊಲೀಸರಿಗೂ ಶಿಕ್ಷಣ ಸಂಸ್ಥೆಗಳಿಗೂ ತಿಳಿವಳಿಕೆ ಕೊಡಿಸಿ ಎಂದರು. ಹೈಕೋರ್ಟ್ ನ್ಯಾಯಮೂರ್ತಿಗೆ ಇದ್ದ ಬಿಡುವು ನಮ್ಮ ಹೆಡ್‌ಮಾಸ್ಟರಿಗೆ ಇಲ್ಲ. ಅರ್ಥವಾಗುವುದಿಲ್ಲ ಎನ್ನುವುದು ವಯಸ್ಸಿನ ಮಾತಲ್ಲ, ಸೋಮಾರಿತನದ ಮಾತು.

ಹಾಗಾದರೆ ಮಾಡಬೇಕಾದ್ದೇನು? ಅದು ಗೊತ್ತಿಲ್ಲದ್ದೇನಲ್ಲ. ತರಗತಿಯಲ್ಲಿ ಹಂಗಿಸುವ ಮಾತು ಕೇಳಿಬಂದ ಕ್ಷಣ ಪಾಠ ನಿಲ್ಲಿಸಿ, ಆಡಿದವನನ್ನು ಎಬ್ಬಿಸಿ ನಿಲ್ಲಿಸಿ, ಇದು ತಪ್ಪು ಎಂದು ನಗು ಬೆರೆಸದೆ ಹೇಳಬೇಕು. ಜಾತಿ ಹಿಡಿದು ಬೈದಾಗ ಹೇಗೆ ಸುಮ್ಮನಿರಬಾರದೋ ಹಾಗೆ. ಹುಡುಗನೊಬ್ಬ ಬಿಡುವಿನಲ್ಲಿ ತರಗತಿಯಿಂದ ಹೊರಗೆ ಬಾರದೆ ಕೂತರೆ, ಪದೇ ಪದೇ ರಜೆ ಹಾಕಿದರೆ, ಊಟದ ಡಬ್ಬಿ ಹಾಗೇ ವಾಪಸು ಒಯ್ದರೆ, ಒಬ್ಬನೇ ಇದ್ದಾಗ ಕರೆದು ಕೂರಿಸಿ ಮಾತಾಡಿಸಬೇಕು. ‘ನೀನು ಅವನಾ?’ ಎಂದಲ್ಲ. ‘ಯಾರು ನಿನಗೆ ತೊಂದರೆ ಕೊಡ್ತಿದ್ದಾರೆ? ನಾನಿದ್ದೀನಿ’ ಎಂದು. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಲು ಹೆದರಬೇಕಾಗಿಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದರೆ ಹೊರಗೆ ಬರುತ್ತದೆ. ಬಂದದ್ದನ್ನು ಸ್ಟಾಫ್ ರೂಮಿನಲ್ಲಿ ಹಂಚಬಾರದು. ಹೌದೆಂದರೆ ಅವನನ್ನು ಒಂಟಿ ಬಿಡದೆ, ಅವನಿಗೆ ಹೇಳಿಯೇ ವೈದ್ಯರ ನೆರವು ಪಡೆಯಬೇಕು. ಆಗಲೂ ಜೀವಕ್ಕೆ ಅಪಾಯವಿದೆ ಎಂಬುದನ್ನು ತಿಳಿಸಿದರೆ ಸಾಕು, ಅವನು ಯಾರನ್ನು ಇಷ್ಟಪಡುತ್ತಾನೆ ಎಂಬುದನ್ನಲ್ಲ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ 1098 ಇದೆ. ಈ ಎರಡು ಸಂಖ್ಯೆಗಳನ್ನು ಪ್ರತಿ ತರಗತಿಯ ಗೋಡೆಗೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಮನೆಯಲ್ಲಿ ಇನ್ನೂ ಸುಲಭ. ಟಿ.ವಿ.ಯಲ್ಲಿ ಅಂಥ ಜೋಕು ಬಂದಾಗ ‘ಇದರಲ್ಲಿ ನಗೋದೇನಿದೆ’ ಎಂದು ಅಪ್ಪ ಅಂದರೆ ಸಾಕು. ಮದುವೆಮನೆಯ ಪಂಕ್ತಿಯಲ್ಲಿ ಯಾರದೋ ಮಗನ ನಡಿಗೆಯನ್ನು ಆಡಿಕೊಂಡಾಗ ‘ನಿಮಗ್ಯಾಕ್ರೀ ಅದು’ ಎಂದು ಅಮ್ಮ ತಡೆದರೆ ಸಾಕು. ಮಕ್ಕಳು ಬಾಯಿಬಿಡುವ ಮೊದಲು ವರ್ಷಗಟ್ಟಲೆ ನಮ್ಮನ್ನು ಪರೀಕ್ಷೆ ಮಾಡುತ್ತಿರುತ್ತಾರೆ. ನಾವು ಫೇಲಾದದ್ದು ನಮಗೆ ತಿಳಿಯುವುದೇ ಇಲ್ಲ.

ಇದ್ಯಾವುದಕ್ಕೂ ಹಣ ಬೇಡ, ಸಮಿತಿ ಬೇಡ, ಮೇಲಿನಿಂದ ಆದೇಶ ಬೇಡ. ಆದರೂ ಸುತ್ತೋಲೆ ಬರಲಿ, ಆಮೇಲೆ ನೋಡೋಣ ಎಂದು ಕಾಯುವ ಶಾಲೆಗಳು, ಮುಂದಿನ ಸಂತಾಪ ಸಭೆಗೆ ಬೇಕಾದ ಹಾರವನ್ನೂ ಈಗಲೇ ಹೇಳಿಟ್ಟುಕೊಳ್ಳಲಿ.